ಪ್ಲಾಸ್ಟಿಕ್ ಇಲ್ಲದ ರೊಟ್ಟಿ ಡಬ್ಬಿ

ಸುಮ್ಮನೆ ಕೂಡುವುದೂ ಒಂದು ವಿದ್ಯೆ. ಎಪ್ಪತ್ತೆರಡು ದಾಟಿದರೂ ನನಗದು ಒಲಿದಿಲ್ಲ. ಕುದಿಯುವ ಬೇಳೆಯ ಮುಚ್ಚಳವನ್ನು ಹತ್ತು ಸಲ ತೆಗೆದು ನೋಡುವವಳು ನಾನು. ಅಂಥವಳ ಕೈಗೆ ರೊಟ್ಟಿ ಡಬ್ಬಿ ಕೊಟ್ಟಿದ್ದು ಸೊಸೆ ಸವಿತಾಳದೇ ತಪ್ಪು ಎಂದು ಮೊದಲೇ ಹೇಳಿಬಿಡುತ್ತೇನೆ.

ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಸವಿತಾ ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಖಾನಾಪುರದ ಅಂಗಡಿಯವನೊಬ್ಬ, "ಇನ್ಮ್ಯಾಲೆ ಪ್ಲಾಸ್ಟಿಕ್ ಚೀಲ ಬ್ಯಾಡ್ರಿ, ಬ್ಯಾರೆ ಏನರ ಮಾಡ್ರಿ. ರೊಟ್ಟಿ ಮೆತ್ತಗಾಗಲಿಲ್ಲಂದ್ರ ವಾರಾ ವಾರಾ ತಗೋತೀನಿ" ಎಂದಿದ್ದ. ಹದಿನೈದು ದಿನ ಅವಳ ತಲೆಯಲ್ಲಿ ಅದೊಂದೇ. ಕಾಗದದಲ್ಲಿ ಸುತ್ತಿದರೆ ಮೆತ್ತಗೆ, ಬಟ್ಟೆಯಲ್ಲಿ ಕಟ್ಟಿದರೆ ಚೂರುಚೂರು. ಕೊನೆಗೆ ರೊಟ್ಟಿಯಷ್ಟೇ ಅಗಲದ ದುಂಡು ರಟ್ಟಿನ ಡಬ್ಬಿ, ಒಳಗೆ ಒಣಗಿಸಿದ ಮುತ್ತಲ ಎಲೆ, ಮುಚ್ಚಳದ ಸುತ್ತ ಅಂಟಿಸಿದ ಕಾಗದದ ಪಟ್ಟಿ ಕೈಹಿಡಿದವು. ಒಯ್ದು ತೋರಿಸುವ ದಿನವೇ ಅವಳಿಗೆ ಜ್ವರ. ಬಸ್ಸು ಹತ್ತಲು ನಾನು ಹೊರಟೆ. ಸವಿತಾ ಮಲಗಿದಲ್ಲಿಂದಲೇ ಹೇಳಿದಳು:

"ಅತ್ತಿ, ಡಬ್ಬಿ ತಗೀಬ್ಯಾಡ್ರಿ. ಗಾಳಿ ಹೊಕ್ಕರ ಮುಗೀತು."

"ನಾ ಏನ್ ಸಣ್ಣ ಹುಡುಗಿ ಅದೀನೇನ?"

ಬಸ್ಸು ಊರು ದಾಟುವಷ್ಟರಲ್ಲಿ ಒಳಗೆ ಕಸಿವಿಸಿ ಶುರುವಾಯಿತು. ಮೋಡ ಬೇರೆ ಮುಸುಕಿತ್ತು. ಮೆತ್ತಗಾಗಿದ್ದರೆ? ಡಬ್ಬಿ ಅಲ್ಲಾಡಿಸಿದೆ, ಕಿವಿಗೆ ಹಿಡಿದೆ. ತಡೆಯಲಾರದೆ ಪಟ್ಟಿ ಹರಿದು ಒಂದು ರೊಟ್ಟಿ ಮುರಿದೆ. ಕಟ್! ಎಂಥ ಸದ್ದು! ಪಕ್ಕದ ಸೀಟಿನಾಕೆ ತಿರುಗಿ ನೋಡಿದಳು. ಬಸ್ಸಿನಲ್ಲಿ ಬುತ್ತಿ ಬಿಚ್ಚಿ ಬಾಜೂದವರಿಗೆ ಕೊಡದೆ ತಿಂದವರು ನಮ್ಮ ವಂಶದಲ್ಲೇ ಇಲ್ಲ. "ತಗೋರಿ" ಎಂದೆ. ಆಕೆ ತನ್ನ ಚೀಲದಿಂದ ಶೇಂಗಾ ಚಟ್ನಿ ತೆಗೆದಳು. ಚಟ್ನಿ ಬಂದ ಮೇಲೆ ಹಿಂದಿನವರನ್ನು ಬಿಡಲಾದೀತೇ? ಕಂಡಕ್ಟರನೂ ಕೈಯೊಡ್ಡಿದ.

ಅಂಗಡಿಯವನು ಮುಚ್ಚಳ ತೆಗೆದು, ಎಲೆ ಎತ್ತಿ ಎತ್ತಿ ನೋಡಿದ.

"ಅಜ್ಜಿ, ಡಬ್ಬಿ ಏನೋ ಭಾರಿ ಚಂದ ಐತ್ರಿ. ರೊಟ್ಟಿ ಎಲ್ಲಿ?"

"ಒಂದೂ ಮೆತ್ತಗಾಗಿರಲಿಲ್ಲೋ ತಮ್ಮಾ. ಖರೇ ಹೇಳ್ತೀನಿ, ಬೇಕಾದ್ರ ಇಡೀ ಬಸ್ಸಿಗೆ ಕೇಳು."

ಅವನು ನಕ್ಕ. ನನಗೆ ಮಾತ್ರ ಅಳು ಬರುವಂತಿತ್ತು. ಅಲ್ಲಿ ಸವಿತಾ ಜ್ವರದಲ್ಲೂ ಫೋನ್ ಹಿಡಿದು ಕಾಯುತ್ತಿದ್ದಾಳೆ. ಕೊನೆಗೆ ಅವನೇ ಅವಳಿಗೆ ಫೋನ್ ಹಚ್ಚಿದ: "ಅಕ್ಕಾರ, ಇನ್ನೊಂದ್ ಡಬ್ಬಿ ಕಳಸ್ರಿ. ಅಜ್ಜೀನ್ನ ಕಳಸಬ್ಯಾಡ್ರಿ."

ಎರಡನೇ ಡಬ್ಬಿಯ ರೊಟ್ಟಿಗಳು ಗರಿಗರಿಯಾಗಿಯೇ ಮುಟ್ಟಿದವು. ಈಗ ವಾರಾ ವಾರಾ ಹೋಗುತ್ತವೆ. ಡಬ್ಬಿಯ ಮೇಲಿನ ಚೀಟಿಯನ್ನು ಟೈಪು ಮಾಡುವ ಕೆಲಸವನ್ನು ಸವಿತಾ ನನಗೇ ಕೊಟ್ಟಳು, ಫೋನಿನಲ್ಲಿ ಅಕ್ಷರ ಒತ್ತುವುದನ್ನು ಈಗಷ್ಟೇ ಕಲಿತಿದ್ದೇನಲ್ಲ. ಅವಳು ಹೇಳಿದಂತೆ ಒಂದೇ ಬೆರಳಿನಿಂದ ಒತ್ತಿದೆ: "ತೇವದಿಂದ ದೂರವಿಡಿ. ಅತ್ತೆಯಿಂದಲೂ."