ಮುಸುಕಿನ ಜೋಳದ ರಸಾಸ್ವಾದ ಸಂಘ

ಮೂವರು ಗಂಡಸರು ಶನಿವಾರ ಮಧ್ಯಾಹ್ನ ಹೊಲದ ಮೋಟಾರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತರೆ ಅದಕ್ಕೊಂದು ಹೆಸರು ಬೇಕಾಗುತ್ತದೆ. ಹೆಂಡತಿ ಕೇಳಿದ ಕೂಡಲೇ ತಡವರಿಸದೆ ಹೇಳಬಹುದಾದ ಮರ್ಯಾದಸ್ಥ ಹೆಸರು. ಪಣಕಹಳ್ಳಿಯ ಗುರುಮಲ್ಲಪ್ಪನಿಗೆ ಅದು ಹೊಳೆದದ್ದು, ಗೆಳೆಯ ಸೋಮಶೇಖರ್ ತನ್ನ ಫೋನಿನಲ್ಲಿ ಬರ್ಬನ್ ಎಂಬ ವಿಸ್ಕಿಯ ವಿಡಿಯೊ ತೋರಿಸಿದ ದಿನ.

"ಲೋ ಗುರುಮಲ್ಲ, ಇದ್ರಲ್ಲಿ ಅರ್ಧಕ್ಕಿಂತ ಎಚ್ಚು ಇರದು ಮುಸುಕಿನ ಜೋಳ ಕಣ್ಲಾ!"

"ನಮ್ಮ ಒಲದ ಬೆಳನೇ ಅನ್ನು! ಸಂಗ ಕಟ್ಬುಡ್ವ. ಮುಸುಕಿನ ಜೋಳ ಬೆಳೆಗಾರರ ಸಂಗ."

ಅಲ್ಲಿಗೆ ಹೆಂಡತಿಗೆ ಸುಳ್ಳು ಹೇಳುವ ಪಾಪವೂ ತಪ್ಪಿತು.

ಸಂಘದ ಸದಸ್ಯರು ಮೂವರೇ. ಸೈನ್ಯದಿಂದ ನಿವೃತ್ತನಾದ ಸೋಮಶೇಖರ್ ಬಾಟಲಿ ಒದಗಿಸುವವನು. ಗೊಬ್ಬರದಂಗಡಿಯ ವೃಷಭೇಂದ್ರ ಯಾವುದನ್ನು ಕೊಟ್ಟರೂ ಹೊಗಳುವವನು. ಗುರುಮಲ್ಲಪ್ಪನದು ಮೂಗು. ತಾವು ಕುಡುಕರಲ್ಲ, ರಸಜ್ಞರು ಎಂಬುದು ಮೂವರ ಏಕಾಭಿಪ್ರಾಯ. (ಉಳಿದ ಯಾವ ವಿಷಯದಲ್ಲೂ ಅವರಿಗೆ ಏಕಾಭಿಪ್ರಾಯವಿರಲಿಲ್ಲ.) ಹಿಂದಿನ ವಾರ ಒಂದು ಸ್ಕಾಚನ್ನು ಮೂಸಿ ವೃಷಭೇಂದ್ರ, "ಒಲೆ ಪಕ್ಕ ಒಣಗಾಕಿದ ಕಂಬಳಿ ವಾಸ್ನ, ಬಲೇ ಸಂದಾಗದ" ಎಂದಿದ್ದ. "ಕಂಬಳಿ ಅಲ್ಲ ಕಣ್ಲಾ, ಒಗ ಇಡಿದ ಮಡಕ" ಎಂದು ಗುರುಮಲ್ಲಪ್ಪ ತೀರ್ಪಿತ್ತಿದ್ದ. ಕಂಬಳಿಯೋ ಮಡಕೆಯೋ ಎಂದು ನಿರ್ಣಯವಾಗುವಷ್ಟರಲ್ಲಿ ಅರ್ಧ ಬಾಟಲಿ ಮುಗಿದಿತ್ತು.

ಆದರೆ ನಿಜವಾದ ಬರ್ಬನ್ ಇನ್ನೂ ನಾಲಿಗೆಗೆ ತಾಗಿರಲಿಲ್ಲ. ಆರು ತಿಂಗಳು ಕಾದ ಮೇಲೆ, ಸೋಮಶೇಖರನ ಹಳೆಯ ಮೇಜರ್ ಸಾಹೇಬರು ದಿಲ್ಲಿಯಿಂದ ಒಂದೇ ಒಂದು ಬಾಟಲಿ ಕಳಿಸಿದರು. ಮೊದಲ ಮಳೆ ಬಿದ್ದು, ಸೋಮವಾರ ಬಿತ್ತನೆ ಎಂದು ನಿಶ್ಚಯವಾಗಿದ್ದ ಶನಿವಾರ ಅದರ ಮುಚ್ಚಳ ತೆರೆಯಿತು. ಮೂರು ಸ್ಟೀಲ್ ಲೋಟಗಳಿಗೆ ಎರಡೆರಡು ಬೆರಳಷ್ಟು ಇಳಿಯಿತು. ಗುರುಮಲ್ಲಪ್ಪ ಕಣ್ಣು ಮುಚ್ಚಿ, ಘ್ರಾಣೇಂದ್ರಿಯವನ್ನು ಲೋಟದೊಳಕ್ಕೆ ಇಳಿಬಿಟ್ಟ.

"ಬೆಲ್ಲದ ಪಾಕ..." ಎಂದ ಮೆಲ್ಲಗೆ.

ಬಾಗಿಲು ಧಡಧಡ ಬಡಿಯಿತು.

ತೆರೆದರೆ, ಹೊರಗೆ ನಿಂತಿದ್ದವಳು ಗುರುಮಲ್ಲಪ್ಪನ ಹೆಂಡತಿ ಪುಟ್ಟನಂಜಮ್ಮ. ಮೂರು ಹೊತ್ತು ಶಿವಪೂಜೆ ನಡೆಯುವ ಅವಳ ಮನೆಯ ಹೊಸ್ತಿಲನ್ನು ಹೆಂಡದ ಹೆಸರು ಕೂಡ ದಾಟುವಂತಿರಲಿಲ್ಲ. ಸೊಂಟದ ಮೇಲೆ ಬಿತ್ತನೆ ಜೋಳದ ಬಕೆಟ್ಟಿತ್ತು.

"ಬೆಳೆಗಾರರ ಕೂಟ ಅಂದ್ರಲ್ಲ. ಒಲದ ಪಟ್ಟಾ ಇರದು ನನ್ನ ಎಸ್ರಲ್ಲಿ. ನನ್ನ ಬುಟ್ಟು ಅದ್ಯಾವ ಕೂಟ?"

ಈ ಅಂಶ ಸಂಘದ ಸ್ಥಾಪಕರ ಗಮನಕ್ಕೆ ಬಂದಿರಲಿಲ್ಲ.

"ಅದೇನ್ರಿ ಬಾಟ್ಲಿ?"

ವೃಷಭೇಂದ್ರ ಛಾವಣಿ ನೋಡಿದ. ಸೋಮಶೇಖರ್ ಮೋಟಾರಿನ ಫ್ಯೂಸು ನೋಡಿದ. ಗುರುಮಲ್ಲಪ್ಪ ಬಕೆಟ್ಟನ್ನು ನೋಡಿದ.

"ಬಿತ್ತನ ಮದ್ದು ಕಣಮ್ಮಿ! ಬೀಜಕ್ಕ ಸವರಿ ಬಿತ್ತುದ್ರ ಕಾಡಂದಿ ಕೆದಕಲ್ಲ. ಪರದೇಸದ್ದು."

"ಲೋಟಕ್ಕ ಯಾಕ ಬುಟ್ಕಂಡಿದ್ದರಿ?"

"ಅಳತ ನೋಡಕ್ಕ."

"ಅಂಗಂದ್ರ ನಾನೂ ಸರಿಯಾದ ಒತ್ಗೇ ಬಂದಿವ್ನಿ" ಎಂದು ಅವಳು ಬಾಟಲಿಯನ್ನು ಎತ್ತಿದಳು. ಗಳಗಳ ಶಬ್ದ ನಿಲ್ಲುವವರೆಗೂ ಅದನ್ನು ಬಕೆಟ್ಟಿಗೆ ಬಗ್ಗಿಸಿ ಹಿಡಿದಳು. ಆಮೇಲೆ ಮೂರು ಲೋಟಗಳನ್ನೂ ಒಂದೊಂದಾಗಿ ಬಗ್ಗಿಸಿ, ತಳಕ್ಕೆ ತಟ್ಟಿ ಸುರಿದಳು. ಸೋಮಶೇಖರ್ ತನಗರಿಯದಂತೆ ಎದ್ದು, ಗತಿಸಿದ ಸೇನಾನಿಯ ಗೌರವಕ್ಕೆ ನಿಲ್ಲುವಂತೆ ನೆಟ್ಟಗೆ ನಿಂತ.

"ಕೈ ಆಕಿ ಕಲ್ಸಿ" ಎಂದಳು. ಗುರುಮಲ್ಲಪ್ಪ ಮೊಣಕೈಯವರೆಗೂ ಬರ್ಬನ್ನಿನಲ್ಲಿ ಮುಳುಗಿದ. ಒಂದು ಬೆರಳನ್ನಾದರೂ ನೆಕ್ಕೋಣವೆಂದು ಮೀಸೆ ತುರಿಸುವ ನೆಪ ಹೂಡಿದ.

"ಬಾಯಿಗ ಇಟ್ಗಬೇಡಿ! ಇಸ!" ಎಂದು ಅವಳು ಕೈ ಹಿಡಿದೆಳೆದು, ಬಟ್ಟೆ ಸೋಪಿನಿಂದ ತಾನೇ ಎರಡು ಸಲ ತೊಳೆದಳು.

ಸೋಮವಾರ ಬಿತ್ತನೆಯಾಯಿತು. ಆ ವಾರ ಕಾಡುಹಂದಿಗಳು ಎಡಗಡೆಯ ಹೊಲವನ್ನೂ ಬಲಗಡೆಯ ಹೊಲವನ್ನೂ ಉತ್ತು ಹಾಕಿದವು. ಗುರುಮಲ್ಲಪ್ಪನ ಹೊಲವನ್ನು ಮಾತ್ರ ಮೂಸಿಯೂ ನೋಡಲಿಲ್ಲ. ಬರ್ಬನ್ನಿನ ಮಹಿಮೆಯೋ, ಹಂದಿಗಳಿಗೆ ಬೇರೆಡೆ ಹೊಟ್ಟೆ ತುಂಬಿತ್ತೋ, ಶಿವನೇ ಬಲ್ಲ. ಪುಟ್ಟನಂಜಮ್ಮ ಮಾತ್ರ ನಲ್ಲಿಯ ಹತ್ತಿರ ಮದ್ದಿನ ಗುಣಗಾನ ಮಾಡಿದಳು. ಅಂದು ಸಂಜೆಯೇ ಸೋಮಶೇಖರನ ಹೆಂಡತಿ ಶಿವಮಲ್ಲಮ್ಮ ಅವನ ಮಿಲಿಟರಿ ಟ್ರಂಕಿನ ಬೀಗ ಒಡೆದು, ಒಳಗಿದ್ದ ನಾಲ್ಕು ಬಾಟಲಿ "ಮದ್ದ"ನ್ನು ತಮ್ಮ ಬೀಜಕ್ಕೆ ಸುರಿದಳು.

ಮುಂದಿನ ಶನಿವಾರ ಸಂಘವು ಬದುವಿನ ಮೇಲೆ ಸೇರಿತು. ಮೂವರೂ ಒಂದೊಂದು ಚಿಟಿಕೆ ಮಣ್ಣನ್ನು ಮೂಗಿಗೆ ಹಿಡಿದರು.

"ಬೆಲ್ಲದ ಪಾಕ" ಎಂದ ವೃಷಭೇಂದ್ರ, ಕಣ್ಣಲ್ಲಿ ನೀರು ತುಂಬಿಕೊಂಡು.

"ಕೊನೇಲಿ ವಸಿ ಮರದ ವಾಸ್ನ" ಎಂದ ಗುರುಮಲ್ಲಪ್ಪ.

ಹಿಂದಿನಿಂದ ಪುಟ್ಟನಂಜಮ್ಮ ಬಂದು ಮೂವರ ಮುಂದೆಯೂ ಒಂದೊಂದು ಕುಡುಗೋಲು ಎಸೆದಳು. "ಸಂಗದೋರು ಮೂಸಿದ್ದು ಸಾಕು. ಬದುಲಿ ಉಲ್ಲು ಬೆಳ್ದದ, ಕುಯ್ರಿ."

ಗುರುಮಲ್ಲಪ್ಪ ಎದ್ದು ಅವಳನ್ನು ಪಕ್ಕಕ್ಕೆ ಕರೆದ. ವಾರದಿಂದ ಒಂದು ಅನುಮಾನ ಅವನ ನಿದ್ದೆ ಕೆಡಿಸಿತ್ತು.

"ನಿಜ ಯೋಳು. ಅದು ಮದ್ದಲ್ಲ ಅಂತ ನಿಂಗ ಗೊತ್ತಿತ್ತಾ?"

ಪುಟ್ಟನಂಜಮ್ಮ ಎರಡೂ ಕೈಗಳನ್ನು ಗಲ್ಲಕ್ಕಿಟ್ಟುಕೊಂಡಳು.

"ಅಯ್ಯೋ ಶಿವನೇ! ಮದ್ದಲ್ವಾ? ಮತ್ತಿನ್ನೇನ್ರಿ ಅದು?"

ಗುರುಮಲ್ಲಪ್ಪ ಬದುವಿಗೆ ಮರಳಿದ. ಆಮೇಲೆ ಬಗ್ಗಿ ಕುಡುಗೋಲನ್ನು ಎತ್ತಿಕೊಂಡ.