ನಮ್ಮ ಅಳತೆಗಳ ಅನಿಶ್ಚಿತತೆ

ಅಳೆಯುವ ಕೆಲಸದಲ್ಲಿ ನಗುವುದಕ್ಕೇನಿದೆ ಎನ್ನುವವರು ಪೀಣ್ಯದ ನಮ್ಮ ಸಣ್ಣ ಲ್ಯಾಬಿನಲ್ಲಿ ಒಂದು ವಾರ ಕೂತು ನೋಡಬೇಕು. ಸುತ್ತಲಿನ ಕಾರ್ಖಾನೆಗಳ ಅಳತೆಯ ಉಪಕರಣಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವವರು ನಾವು. ಎಷ್ಟೇ ಜಾಗ್ರತೆಯಿಂದ ಅಳೆದರೂ ಒಂದೆರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದೆರಡು ಪಾಲು, ಅನುಮಾನ ಉಳಿಯುತ್ತದೆ. ಅದನ್ನೂ ಲೆಕ್ಕ ಹಾಕಿ ಬರೆಯಬೇಕೆನ್ನುವುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಈಗ ಅದನ್ನು ಪರಿಷ್ಕರಿಸುತ್ತಿದ್ದಾರೆ, ನಮ್ಮ ಪಾಡು ಕೇಳಬೇಡಿ.

ಗಿರಾಕಿಯ ಬೇಡಿಕೆ

ವರ್ಕ್‌ಶಾಪಿನ ಯಜಮಾನರೊಬ್ಬರು ಸರ್ಟಿಫಿಕೇಟನ್ನು ವಾಪಸ್ ತಂದರು. ನೀವೇ ಅನುಮಾನ ಅಂತ ಬರೆದರೆ ನಾನು ಯಾರನ್ನು ನಂಬಲಿ ಎಂಬುದು ಅವರ ತಕರಾರು. ತನ್ನ ಅನುಮಾನ ಇಷ್ಟೇ ಎಂದು ಹೇಳಿಕೊಳ್ಳುವವನೇ ನಂಬಿಕಸ್ಥ ಎಂದು ಅರ್ಧ ಗಂಟೆ ವಿವರಿಸಿದೆ. ಪ್ರತಿ ಮಾತಿಗೂ ತಲೆಯಾಡಿಸಿದರು.

"ಎಲ್ಲಾ ಅರ್ಥ ಆಯ್ತು ಮೇಡಂ," ಎಂದರು. "ನಂಗೆ ಅನುಮಾನ ಇಲ್ದೇ ಇರೋದು ಒಂದು ಕೊಟ್ಬಿಡಿ."

ಹತ್ತಕ್ಕೆ ಹತ್ತು

ಲ್ಯಾಬಿನ ಮಾನ್ಯತೆ ನವೀಕರಣಕ್ಕೆ ಪರಿಶೀಲಕರು ಬರುವವರಿದ್ದರು. ಮಾನ್ಯತೆ ಹೋದರೆ ಬಾಗಿಲು ಮುಚ್ಚಬೇಕು. ನಮ್ಮ ಹಿರಿಯ ತಂತ್ರಜ್ಞರ ಅಳತೆ ಪುಸ್ತಕ ತೆರೆದು ನೋಡಿದೆ. ಪ್ರತಿ ಪುಟದಲ್ಲೂ ಒಂದು ಉಪಕರಣಕ್ಕೆ ಹತ್ತು ಅಳತೆ, ಹತ್ತೂ ಒಂದೇ! ಯಾವ ಮನುಷ್ಯನ ಕೈಗೂ ಅದು ಸಾಧ್ಯವಿಲ್ಲ, ಸುಳ್ಳು ಬರೆದಿದ್ದಾರೆ ಅಂದುಕೊಂಡು ಅವರನ್ನೇ ಕೇಳಿಬಿಟ್ಟೆ.

ಗದಗಿನ ಕಡೆಯಿಂದ ಬಂದು ಇಲ್ಲೇ ತಲೆ ನರೆಸಿಕೊಂಡ ಮನುಷ್ಯ, ಪಾಪ, ನೊಂದುಕೊಂಡರು. ಹತ್ತು ಒಂದೇ ಬರುವ ತನಕ ಕೆಲವೊಮ್ಮೆ ನಲವತ್ತು ಸಲ ಅಳೆಯುತ್ತಿದ್ದರಂತೆ. ಉಳಿದದ್ದನ್ನು ಎಸೆಯುತ್ತಿದ್ದರಂತೆ. ನಮಗೆ ಬೇಕಾದದ್ದೇ ಆ ಎಸೆದವು, ಅಳತೆ ತಪ್ಪಲು ಕಾರಣ ಏನಿದ್ದರೂ ಮುಚ್ಚಿಡದೆ ಬರೆಯಿರಿ ಎಂದೆ. ಅವರಿಗೆ ನನ್ನ ನೀತಿಯ ಬಗ್ಗೆಯೇ ಸಂಶಯ ಬಂತು.

"ಕೆಟ್ಟದ್ದನ್ನ ಗಿರಾಕಿಗೆ ಕೊಡಾಕ ಬರ್ತದೇನ್ರಿ ಮೇಡಂ?"

ಕೈ ನಡುಗಿದ ಕಾರಣ

ಪರಿಶೀಲಕರು ಬಂದರು. ನಮ್ಮ ಮಾಲೀಕರೂ ಪಕ್ಕದಲ್ಲೇ ನಿಂತರು. ಒಳ್ಳೆಯವರೇ, ಆದರೆ ಅವರು ಗುಟ್ಟು ಹೇಳಿದರೂ ಬೀದಿಗೆ ಕೇಳಿಸುತ್ತದೆ.

ಅಳತೆಯನ್ನು ಏನೇನು ಕೆಡಿಸುತ್ತದೆ ಎಂದು ಪರಿಶೀಲಕರು ಕೇಳಿದರು. ಕೋಣೆಯ ಸೆಖೆ, ಹೊರಗೆ ಹೋಗುವ ಲಾರಿ, ತಮ್ಮ ಹಳೇ ಕನ್ನಡಕ ಎಂದು ತಂತ್ರಜ್ಞರು ಪಟ್ಟಿ ಕೊಟ್ಟರು. ಆಮೇಲೆ ನನ್ನ ಮುಖ ನೋಡಿದರು. ಏನೆಂದು ತಿಳಿಯದೆ, ಹೇಳಿ ಎಂದು ಸನ್ನೆ ಮಾಡಿದೆ.

"ಮಾಲಕ್ರು ಒಳಗ ಬಂದ್ರ ಕೈ ನಡಗತಾವ್ರಿ."

ನಾನು ಮಾಲೀಕರ ಕಡೆ ನೋಡಲಿಲ್ಲ. ಪರಿಶೀಲಕರು ನಗಲಿಲ್ಲ, ಆಧಾರ ಕೇಳಿದರು. ತಂತ್ರಜ್ಞರು ಪುಸ್ತಕ ತೆರೆದರು. ಮಾಲೀಕರು ಒಳಗಿದ್ದಾಗ ಹತ್ತು ಅಳತೆ, ಹೊರಗಿದ್ದಾಗ ಹತ್ತು. ಒಂದನ್ನೂ ಎಸೆದಿರಲಿಲ್ಲ. ಇಷ್ಟು ಪ್ರಾಮಾಣಿಕ ಲೆಕ್ಕ ತಾವು ಎಲ್ಲೂ ನೋಡಿಲ್ಲವೆಂದು ಪರಿಶೀಲಕರು ಮಾನ್ಯತೆಗೆ ಶಿಫಾರಸು ಬರೆದರು. ಅಳೆಯುವಾಗ ಮಾಲೀಕರು ಹೊರಗಿರತಕ್ಕದ್ದು ಎಂದೂ ಸೇರಿಸಿದರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಪರಿಶೀಲಕರು ಹೋದ ಮೇಲೆ ಮಾಲೀಕರು ಆ ಪುಸ್ತಕವನ್ನು ತಿರುವಿ ತಿರುವಿ ನೋಡಿದರು. ತಂತ್ರಜ್ಞರ ಕೆಲಸ ಹೋಯಿತು ಎಂದೇ ನಾನು ತಿಳಿದೆ. ಕೊನೆಗೆ, ನಾನೆಂದೂ ಕೇಳದಷ್ಟು ಮೆಲ್ಲಗೆ, ತಮ್ಮಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ವಿಚಾರಿಸಿದರು.

"ಊಟಕ್ಕ ಮೊದ್ಲ ಬಂದ್ರ ಎರಡು ಮೈಕ್ರಾನ್ರಿ," ಎಂದರು ತಂತ್ರಜ್ಞರು. "ಊಟ ಆದಮ್ಯಾಲ ಒಂದ."