ಅಣ್ಣನ ದನಿಯ ಕಾಲಿಂಗ್ ಬೆಲ್

ಕಂಡ ಬಟನ್ನನ್ನು ಒತ್ತದೆ ಬಿಡದಿರುವುದು ರಿಪೇರಿ ಕಸುಬಿನವರ ರೋಗ. ಬೇರೆಯವರು ಯೋಚಿಸಿ ಒತ್ತುತ್ತಾರೆ, ನಾವು ಒತ್ತಿ ಯೋಚಿಸುತ್ತೇವೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಶಿವಮೊಗ್ಗದ ವಿನೋಬನಗರದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಿರುವ ನನ್ನ ಕೈಯಲ್ಲಿ ಕೆಟ್ಟ ಮಿಕ್ಸಿಗಳು ಎಷ್ಟೋ. ಅವುಗಳ ಬಗ್ಗೆ ದುಃಖವಿಲ್ಲ. ಭದ್ರಾವತಿಯಲ್ಲಿ ಒತ್ತಿದ ಒಂದು ಬಟನ್ನಿನ ವಿಷಯ ಮಾತ್ರ ಯಾರಿಗಾದರೂ ಹೇಳಿಕೊಳ್ಳಬೇಕು.

ನನಗೆ ಬೆಸುಗೆ ಹಾಕಲು ಕಲಿಸಿದವನು ಅಣ್ಣ. ಭದ್ರಾವತಿಯ ತನ್ನ ಮನೆಗೆ ಅವನೇ ಒಂದು ಕಾಲಿಂಗ್ ಬೆಲ್ ಮಾಡಿದ್ದ. ಒತ್ತಿದರೆ ಹಕ್ಕಿ ಕೂಗುವ ಬದಲು ಅವನದೇ ದನಿ, "ಯಾರು? ಇರಿ ಮಾರಾಯ್ರೆ, ಬಂದೆ" ಅನ್ನುತ್ತಿತ್ತು. ಅವನು ಮನೆಯಲ್ಲಿಲ್ಲದಾಗಲೂ ಅನ್ನುತ್ತಿತ್ತು. ಸಾಬೂನು ಮಾರಲು ಬಂದವರು ಕಾದು ಕಾದು ಬೈದುಕೊಂಡು ಹೋಗಿದ್ದುಂಟು. ಇದು ಹೇಗೆ ಎಂದು ಕೇಳಿದಾಗ ಉಗುರಿನಷ್ಟು ದೊಡ್ಡ ಕರಿ ಚಿಪ್ ತೋರಿಸಿದ್ದ.

"ಇದು ಮರಳು ಕಣೋ. ಮರಳಿಂದ ಮಾಡಿದ ಬಿಲ್ಲೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳು, ಲಕ್ಷಗಟ್ಟಲೆ. ಕರೆಂಟ್ ದಾಟಿದ್ರೆ ಹೌದು, ದಾಟದಿದ್ರೆ ಇಲ್ಲ. ಅದಕ್ಕೆ ಬರೋದು ಅವೆರಡೇ ಮಾತು. ನನ್ನ ದನಿಯನ್ನ ಸೆಕೆಂಡಿಗೆ ಸಾವಿರಾರು ಸಲ ಅಳೆದು, ಹೌದು, ಇಲ್ಲ, ಹೌದು, ಇಲ್ಲ ಅಂತ ಬರ್ಕೊಂಡಿರತ್ತೆ."

"ಕರೆಂಟ್ ಹೋದ್ರೆ ಮರ್ತು ಹೋಗಲ್ವಾ?"

"ಇಲ್ಲ. ಪುಟ್ಟ ಪುಟ್ಟ ಕೋಣೆಗಳಲ್ಲಿ ಒಂಚೂರು ವಿದ್ಯುತ್ತನ್ನ ಕೂಡಿ ಹಾಕಿರತ್ತೆ. ನಾನು ಸತ್ರೂ ಇರತ್ತೆ ನೋಡು" ಎಂದು ನಕ್ಕಿದ್ದ.

ಹಾಗೇ ಆಯಿತು. ಅವನು ಹೋಗಿ ಎರಡು ವರ್ಷವಾದ ಮೇಲೆ ಒಂದು ದಿನ ಅತ್ತಿಗೆ ಫೋನ್ ಮಾಡಿದರು. "ಮಂಜು, ನಿಮ್ಮಣ್ಣ ಸಂಜೆ ಹೊತ್ತು ತಾವಾಗೇ ಮಾತಾಡ್ತಿದಾರೆ. ನಿನ್ನೆ ಮೂರು ಸಲ. ಬಾಗಿಲು ತೆಗೆದ್ರೆ ಯಾರೂ ಇಲ್ಲ." ನಾನು ಹಗಲಲ್ಲೇ ಅಂಗಡಿಯ ದೀಪ ಹಾಕಿಕೊಂಡೆ. "ಸರಿ ಮಾಡ್ಕೊಡು. ಆದ್ರೆ ಮಾತು ಹೋಗ್ಬಾರ್ದು. ಅವರ ದನಿ ಇರೋದು ಇದೊಂದರಲ್ಲೇ."

ಹೋದೆ. ಅತ್ತಿಗೆ ಹಿತ್ತಲಲ್ಲಿದ್ದರು. ಹೊರಗಿನ ಸ್ವಿಚ್ ಬಿಚ್ಚಿದರೆ ಒಳಗೆ ಇರುವೆ ಗೂಡು. ಇರುವೆಗಳು ಓಡಾಡಿ ತಂತಿ ಕೂಡಿಸುತ್ತಿದ್ದವು, ಅಷ್ಟೇ. ಧೈರ್ಯ ಬಂದು, ಮನೆಯೊಳಗೆ ಚಿಪ್ ಇದ್ದ ಪೆಟ್ಟಿಗೆಯನ್ನೂ ಒಮ್ಮೆ ನೋಡೋಣವೆಂದು ತೆರೆದೆ. ಅಷ್ಟರಲ್ಲಿ ಯಾವ ಇರುವೆ ಎಲ್ಲಿ ಕಾಲಿಟ್ಟಿತೋ, ಕಿವಿಯ ಪಕ್ಕದಲ್ಲೇ "ಯಾರು?" ಎಂದಿತು. "ನಾನೇ ಅಣ್ಣಾ" ಎಂದುಬಿಟ್ಟೆ. ಅದು "ಬಂದೆ" ಎಂದಿತು. ಗಾಬರಿಯಲ್ಲಿ ಬೆರಳು ತನ್ನ ಚಾಳಿಯಂತೆ ಕಣ್ಣೆದುರಿದ್ದ ಕೆಂಪು ಬಟನ್ನನ್ನು ಒತ್ತಿ ಹಿಡಿಯಿತು. ಅದು ರೆಕಾರ್ಡ್ ಬಟನ್.

ಹೊಸದನ್ನು ಬರೆಯುವ ಮುಂಚೆ ಚಿಪ್ ಹಳೆಯ ಕೋಣೆಗಳನ್ನೆಲ್ಲ ಖಾಲಿ ಮಾಡುತ್ತದೆ. ಹೌದಾ, ಇಲ್ಲವಾ ಎಂದು ನಮ್ಮನ್ನು ಕೇಳುವುದಿಲ್ಲ. ಮತ್ತೆ ಬೆಲ್ ಒತ್ತಿದೆ. ಅಣ್ಣನಿರಲಿಲ್ಲ. ಯಾರೋ ಏದುಸಿರು ಬಿಡುತ್ತಿದ್ದರು. ನಾನೇ.

ನಮ್ಮಿಬ್ಬರ ದನಿ ಒಂದೇ. ಫೋನಿನಲ್ಲಿ ಅತ್ತಿಗೆಯೇ ಎಷ್ಟೋ ಸಲ ಮೋಸ ಹೋಗಿದ್ದರು. ಸೆಲ್ಲಿನಿಂದ ನಡೆಯುವ ಆ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿಕೊಂಡು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು, "ಯಾರು? ಇರಿ ಮಾರಾಯ್ರೆ, ಬಂದೆ" ಎಂದೆ. ತಿರುಗಿ ಹಾಕಿ ಕೇಳಿದೆ. ನನ್ನ ಬಾಯಿಂದ ಹೊರಟದ್ದು ಅಣ್ಣನಾಗಿ ಬಂದಿತ್ತು. ಇರುವೆಗಳನ್ನು ಕೊಡವಿ ಎಲ್ಲವನ್ನೂ ಮೊದಲಿನಂತೆ ಕೂರಿಸಿದೆ.

ಅತ್ತಿಗೆ ಬಂದು ಬೆಲ್ ಒತ್ತಿ, ತಲೆ ಬಗ್ಗಿಸಿ ಕೇಳಿದರು. ಇನ್ನೊಮ್ಮೆ ಒತ್ತಿದರು. "ಸರಿ ಹೋಯ್ತಾ?" ಎಂದರು. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಚಿಪ್ಪಿಗೆ ಅಂಥ ಮೂರನೇ ಮಾತು ಬರುವುದಿಲ್ಲ. ಅದು ತಮ್ಮಂದಿರಿಗೆ ಮಾತ್ರ ಬರುತ್ತದೆ. ಅತ್ತಿಗೆ ಕಾಫಿ ಕೊಟ್ಟರು, ಏನೂ ಆಗಿಲ್ಲದವರ ಹಾಗೆ ಊರಿನ ಸುದ್ದಿ ಹೇಳಿದರು. ಗೇಟಿನವರೆಗೆ ಬಂದು, ನಾನು ಚಪ್ಪಲಿ ಮೆಟ್ಟುವಾಗ ಹೇಳಿದರು:

"ಅದನ್ನ ರೆಕಾರ್ಡ್ ಮಾಡ್ದಾಗ ನಿಮ್ಮಣ್ಣಂಗೆ ನೆಗಡಿ ಇತ್ತು, ಮಂಜು. ಮೂಗು ಕಟ್ಟಿತ್ತು. ನಿಂಗೆ ಯಾವತ್ತಾದ್ರೂ ನೆಗಡಿ ಆದಾಗ ಒಂದ್ಸಲ ಬಂದು ಹೋಗು."

ಅಂದಿನಿಂದ ಮಳೆಯಲ್ಲಿ ಕೊಡೆಯಿಲ್ಲದೆ ತಿರುಗುತ್ತೇನೆ. ಬೆಳಗಿನ ಜಾವ ತಣ್ಣೀರು ಸುರಿದುಕೊಳ್ಳುತ್ತೇನೆ. ಅಂಗಡಿಗೆ ಸೀನುತ್ತಾ ಬಂದವರನ್ನು ಹತ್ತಿರ ಕೂರಿಸಿಕೊಂಡು ಅವರ ಮಿಕ್ಸಿಯನ್ನು ಬೇಕೆಂದೇ ನಿಧಾನವಾಗಿ ಬಿಚ್ಚುತ್ತೇನೆ. ವಿನೋಬನಗರಕ್ಕೆಲ್ಲ ನೆಗಡಿಯಾಗಿದೆ, ನನಗೊಬ್ಬನಿಗೇ ಇಲ್ಲ.